ಏಳನೆಯ ಪ್ರಶ್ನೆ

ಜನವರಿ ೯

ಮಾನ್ಯ ನಿರ್ದೇಶಕರಿಗೆ,

ನಿಮ್ಮ ಸಿನಿಮಾ ಬದುಕಿನ ಬಗ್ಗೆ ಸಂದರ್ಶನಗಳ ಪುಸ್ತಕವೊಂದನ್ನು ಮಾಡಿಕೊಡಲು ಪ್ರಕಾಶಕರು ನನಗೆ ಹೇಳಿದ್ದಾರೆ. ನಿಮ್ಮ ಒಪ್ಪಿಗೆಯನ್ನೂ ತಿಳಿಸಿದ್ದಾರೆ. ಕಿವಿ ಕೈಕೊಟ್ಟಿದೆ, ಫೋನು ಬೇಡ, ಎದುರು ಕೂತು ಕಿರುಚುವವರಂತೂ ಬೇಡವೇ ಬೇಡ ಎಂದಿರಂತೆ. ಹಾಗಾಗಿ ಪ್ರಶ್ನೆಗಳನ್ನು ಅಂಚೆಯಲ್ಲೇ ಕಳಿಸುತ್ತೇನೆ. ಅಂಚೆಯವನು ನಿಮ್ಮ ಊರು ಮುಟ್ಟುವುದಕ್ಕೆ ವಾರ ಹಿಡಿಯುತ್ತದೆ ಎಂದು ಇಲ್ಲಿನವರು ಹೇಳುತ್ತಾರೆ. ನನಗೆ ಅವಸರವಿಲ್ಲ.

ನಾನು ಪತ್ರಿಕೆಯೊಂದರ ವಾರದ ಪುರವಣಿಯಲ್ಲಿ ಕೆಲಸ ಮಾಡುತ್ತೇನೆ. ನನ್ನ ಕೈಬರಹ ಎರಡು ದಿನ ಕಳೆದರೆ ನನಗೇ ಓದಲು ಬರುವುದಿಲ್ಲ. ಮನೆಯಲ್ಲಿ ಹಿರಿಯರೊಬ್ಬರು ಟೈಪ್ ಮಾಡಿ ಕೊಡುತ್ತಾರೆ.

ಎಲ್ಲರೂ ನಿಮ್ಮ ಬಾಲ್ಯದಿಂದ ಶುರುಮಾಡುತ್ತಾರೆ. ನಾನು ನಿಮ್ಮ ಮೂರನೆಯ ಚಿತ್ರದಿಂದ ಶುರುಮಾಡುತ್ತೇನೆ. ಕಚೇರಿಯಲ್ಲಿ ಗುಮಾಸ್ತೆಯಾಗಿರುವ ಹೆಂಗಸೊಬ್ಬಳು ಕೆಲಸ ಬಿಟ್ಟು ಹೊರಡುತ್ತಾಳೆ. ಉದ್ದನೆಯ ಓಣಿಯಂಥ ವರಾಂಡದಲ್ಲಿ ನಡೆದು ಗಾಜಿನ ಬಾಗಿಲಿನ ತನಕ ಬಂದು, ಇನ್ನೊಂದೇ ಹೆಜ್ಜೆ ಇದೆ ಎನ್ನುವಾಗ ನಿಲ್ಲುತ್ತಾಳೆ. ಚಿತ್ರ ಅಲ್ಲಿಗೇ ಮುಗಿಯುತ್ತದೆ. ಅವಳು ಹೊರಗೆ ಹೋದಳೇ, ವಾಪಸು ಬಂದಳೇ ಎಂದು ಜನ ಇವತ್ತಿಗೂ ಜಗಳವಾಡುತ್ತಾರೆ. ಆ ಮುಕ್ತಾಯ ನಿಮಗೆ ಹೊಳೆದದ್ದು ಹೇಗೆ?

ಇತಿ,
ಸಂದರ್ಶಕಿ

ಜನವರಿ ೨೩

ಪ್ರಶ್ನೆ ಕೇಳುವ ತಾಯಿಗೆ,

ನಿಮ್ಮ ಹಾಳೆಯನ್ನು ಇದರ ಜೊತೆ ವಾಪಸು ಇಟ್ಟಿದ್ದೇನೆ. ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ 'ಇನ್ನೊಂದು' ಎಂದು ಬರೆದವನು ನಾನೇ. ಬೇಜಾರು ಮಾಡಿಕೊಳ್ಳಬೇಡಿ, ಅದು ಹಳೆಯ ರೂಢಿ. ಶಾಟ್ ಸರಿ ಬರದಿದ್ದರೆ ಬೇರೆಯವರು ಬೈಯುತ್ತಿದ್ದರು, ನಾನು 'ಇನ್ನೊಂದು' ಎನ್ನುತ್ತಿದ್ದೆ. ನಿಮ್ಮ ಪ್ರಶ್ನೆಯನ್ನು ನೂರು ಜನ ಕೇಳಿ ಸವೆಸಿದ್ದಾರೆ. ಸವೆದ ಪ್ರಶ್ನೆಗೆ ಸವೆದ ಉತ್ತರ: ಆ ಮುಕ್ತಾಯ ಮೊದಲಿಂದಲೂ ಹಾಗೇ ಇತ್ತು. ಬಾಗಿಲಲ್ಲಿ ನಿಂತವಳ ಕತೆಯನ್ನು ನೋಡುಗ ಮುಗಿಸಿಕೊಳ್ಳಲಿ ಎನ್ನುವುದೇ ನನ್ನ ಉದ್ದೇಶವಾಗಿತ್ತು. ಇದನ್ನು ಎಷ್ಟು ವೇದಿಕೆಗಳಲ್ಲಿ ಹೇಳಿದ್ದೇನೆಂದರೆ ಈಗ ನಿದ್ದೆಯಲ್ಲೂ ಹೇಳಬಲ್ಲೆ.

ಬೇರೆ ಕೇಳಿ. ನಮ್ಮ ಕ್ಯಾಮೆರಾದವನ ಬಗ್ಗೆ ಕೇಳಿ. ಅವನನ್ನು ನೆರಳಪ್ಪ ಎಂದು ಕರೆಯುತ್ತಿದ್ದೆವು. ಬಿಸಿಲು ಚೆನ್ನಾಗಿದ್ದ ದಿನ ಮೋಡ ಬರಲಿ ಎಂದು ಕೂರುತ್ತಿದ್ದ, ಮೋಡ ಬಂದರೆ ಬಿಸಿಲಿಗೆ ಕಾಯುತ್ತಿದ್ದ. ಕ್ಯಾಮೆರಾದ ಪಕ್ಕದಲ್ಲಿ ತನ್ನ ನಾಯಿ ಕೂತಿರದಿದ್ದರೆ ಕಣ್ಣೀರೇ ಬಾರದ ನಾಯಕನ ಬಗ್ಗೆ ಕೇಳಿ. ಅವನು ಅಳುವ ದೃಶ್ಯಗಳಲ್ಲೆಲ್ಲ ನೋಡುತ್ತಿದ್ದದ್ದು ನಾಯಕಿಯನ್ನಲ್ಲ.

ನಿಮ್ಮ ಟೈಪು ಬಹಳ ಚೊಕ್ಕಟವಾಗಿದೆ. 'ಳ' ಒಂದು ಮಾತ್ರ ಸಾಲು ಬಿಟ್ಟು ಮೇಲೆ ಹಾರುತ್ತದೆ.

ಇತಿ,
ನಿರ್ದೇಶಕ, ಸದ್ಯ ಕಿವುಡ

ಫೆಬ್ರುವರಿ ೩

ಮಾನ್ಯರೇ,

ನಾನು ಶಾಲೆ ಬಿಟ್ಟು ಬಹಳ ವರ್ಷಗಳಾದವು. ಕೆಂಪು ಶಾಯಿಯ ಹಾಳೆ ವಾಪಸು ಬಂದದ್ದು ಇದೇ ಮೊದಲು.

ನೆರಳಪ್ಪನವರ ಬಗ್ಗೆ, ನಾಯಿಯ ಬಗ್ಗೆ ಖಂಡಿತ ಕೇಳುತ್ತೇನೆ. ಪ್ರಶ್ನೆಗಳ ಹಾಳೆ ಬೇರೆ ಇದೆ, ಅದರಲ್ಲಿ ಆರು ಪ್ರಶ್ನೆಗಳಿವೆ. ಆದರೆ ಆರನೆಯದು ಮತ್ತೆ ಅದೇ ಬಾಗಿಲಿನದು. ಮುಂದೆ ಇನ್ನೂ ದೃಶ್ಯಗಳಿದ್ದವು, ಅವುಗಳನ್ನು ತೆಗೆಯಲೇ ಇಲ್ಲ ಎಂದು ಕೇಳಿದ್ದೇನೆ. ಆ ಪಾತ್ರ ಮಾಡಿದವರು ವೃತ್ತಿಯ ನಟಿಯಲ್ಲ, ನೀವು ಶೂಟಿಂಗ್ ಮಾಡುತ್ತಿದ್ದ ಕಚೇರಿಯ ಟೈಪಿಸ್ಟ್. ಬಾಗಿಲಿನ ಶಾಟ್ ಮುಗಿದ ಮೇಲೆ ಅವರು ಮನೆಗೆ ಹೋದರು, ಮತ್ತೆ ಬರಲಿಲ್ಲ, ಇನ್ನೊಂದು ಸಿನಿಮಾದಲ್ಲಿ ಮುಖ ತೋರಿಸಲಿಲ್ಲ. ಆ ದಿನ ನೀವು ಅವರಿಗೆ ಎಲ್ಲರ ಎದುರಿಗೆ 'ಸಾಕು' ಎಂದಿರಂತೆ. ಬಲ್ಲವರು ನನಗೆ ಹೇಳಿದ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ: "ಬೆಳಗಿಂದ ಇನ್ನೊಂದು ಇನ್ನೊಂದು ಅಂತಿದ್ರು. ಇವ್ರಿಗೆ ನಾನು ಬೇಕು ಅಂದ್ಕೊಂಡಿದ್ದೆ. ಆಮೇಲೆ ಸಾಕು ಅಂದ್ಬಿಟ್ರು."

ನೀವು ಹಾಗೆ ಅಂದದ್ದು ನಿಜವೇ?

ಇತಿ,
ಸಂದರ್ಶಕಿ

ಫೆಬ್ರುವರಿ ೧೬

ತಾಯೀ,

ಮೊದಲ ಐದು ಪ್ರಶ್ನೆಗಳಿಗೆ ಉತ್ತರ ಹದಿನೇಳು ಪುಟ ಆಗಿದೆ, ಲಗತ್ತಿಸಿದ್ದೇನೆ. ನಾಯಿಗೇ ಮೂರು ಪುಟ ಹೋಗಿದೆ. ಬೇಕಾದರೆ ಕತ್ತರಿಸಿ, ಆದರೆ ನೆರಳಪ್ಪನನ್ನು ಮುಟ್ಟಬೇಡಿ. ಅವನು ಹೋಗಿಬಿಟ್ಟ, ಪುಸ್ತಕದಲ್ಲಾದರೂ ಇರಲಿ.

ಆರನೆಯದಕ್ಕೆ ಬರುತ್ತೇನೆ. ನಿಜ. ಮುಂದೆ ದೃಶ್ಯಗಳಿದ್ದವು. ಅವಳು ಬಾಗಿಲು ದಾಟಿ ಮನೆಗೆ ಹೋಗುವುದು, ಅಲ್ಲಿ ಅಣ್ಣನ ಜೊತೆ ಮಾತು, ಇವೆಲ್ಲ ಬಾಕಿ ಇದ್ದವು. ನಮ್ಮ ಟೈಪಿಸ್ಟಮ್ಮ ಬರಲಿಲ್ಲ, ನಿರ್ಮಾಪಕರು ಕಾಯಲಿಲ್ಲ, ಇದ್ದದ್ದನ್ನು ಜೋಡಿಸಿ ಬಿಡುಗಡೆ ಮಾಡಿದೆವು. ವಿಮರ್ಶಕರು ಅದನ್ನು ಹೊಗಳಿದರು. ಹೊಗಳುವವರ ಬಾಯಿ ಮುಚ್ಚಿಸುವಷ್ಟು ದೊಡ್ಡವನು ನಾನಲ್ಲ. ಇದನ್ನು ಅಚ್ಚು ಹಾಕಬಹುದು.

'ಸಾಕು' ಅಂದದ್ದೂ ನಿಜ. ಅದರ ಮೇಲೆ ಅವಳು ಯಾಕೆ ಹೋದಳು ಎನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿದ್ದವರು ಯಾರಾದರೂ ಹೇಳಿದರೆ ಕೇಳಿಸಿಕೊಳ್ಳುತ್ತೇನೆ, ಕಿವಿ ಇಲ್ಲದಿದ್ದರೂ.

ಇನ್ನು ನಿಮ್ಮ ಏಳನೆಯ ಪ್ರಶ್ನೆ. 'ಬಾಗಿಲ ಹತ್ತಿರ ಅವಳ ಚಪ್ಪಲಿಯ ಬಾರು ಕಿತ್ತುಹೋದದ್ದು ನಿಮಗೆ ಕಂಡಿತ್ತೇ?' ಇದಕ್ಕೆ ಉತ್ತರ ಬರೆಯಲು ಸ್ವಲ್ಪ ಸಮಯ ಬೇಕು. ಅಲ್ಲಿಯವರೆಗೆ ನನ್ನದೊಂದು ಪ್ರಶ್ನೆ. ಇವನ್ನು ಟೈಪ್ ಮಾಡುವ ಹಿರಿಯರು ಯಾರು?

ಇತಿ,
ನಿರ್ದೇಶಕ

ಫೆಬ್ರುವರಿ ೨೬

ಮಾನ್ಯರೇ,

ಈ ಪತ್ರವನ್ನು ಕೈಯಲ್ಲೇ ಬರೆಯುತ್ತಿದ್ದೇನೆ. ಕಷ್ಟಪಟ್ಟು ಓದಿಕೊಳ್ಳಿ.

ನಾನು ಬರೆದದ್ದು ಆರೇ ಪ್ರಶ್ನೆ. ಚಪ್ಪಲಿಯ ಸಂಗತಿ ನನಗೆ ಗೊತ್ತೇ ಇರಲಿಲ್ಲ. ಟೈಪ್ ಮಾಡಿದವರನ್ನು ಕೇಳಿದೆ. "ಕೈತಪ್ಪಿ ಬಂದಿರ್ಬೇಕು" ಎಂದು ಹೇಳಿ ಒಗೆದ ಬಟ್ಟೆ ಮಡಿಸಲು ಎದ್ದು ಹೋದರು. ಅಕ್ಷರ ಕೈತಪ್ಪುವುದನ್ನು ಕಂಡಿದ್ದೇನೆ, ಇಡೀ ಪ್ರಶ್ನೆ ಕೈತಪ್ಪಿದ್ದನ್ನು ಕಂಡಿರಲಿಲ್ಲ.

ಅವರು ನನ್ನ ಸೋದರತ್ತೆ. ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಬೆಳೆಸಿದವರು ಅವರೇ, ನಾನು ಅವರ ಸಾಕುಮಗಳು. ನಿಮ್ಮ ಮೂರನೆಯ ಚಿತ್ರವನ್ನು ನಾನು ನೋಡಿದ್ದು ಹೊರಗೆ, ನಮ್ಮ ಮನೆಯಲ್ಲಿ ಅದನ್ನು ಯಾರೂ ನೋಡುವುದಿಲ್ಲ. ಟೀವಿಯಲ್ಲಿ ಅದು ಬಂದರೆ ಅತ್ತೆ ಎದ್ದು ಒಲೆಯ ಮೇಲಿನ ಪಾತ್ರೆ ನೋಡಲು ಹೋಗುತ್ತಾರೆ, ಒಲೆಯ ಮೇಲೆ ಪಾತ್ರೆ ಇಲ್ಲದಿದ್ದರೂ. ಇದಕ್ಕಿಂತ ಹೆಚ್ಚಿನದು ಪುಸ್ತಕಕ್ಕೆ ಬೇಕಾಗಿಲ್ಲ.

ಮೂರನೆಯ ಚಿತ್ರದ ಅಧ್ಯಾಯದ ಕರಡನ್ನು ಕಳಿಸಿದ್ದೇನೆ. ಅದರ ಹೆಸರು 'ಸಾಕು'. ಆಡುವವರಿಗೆ ಹಗುರವಾದ ಪದವೊಂದು ಕೇಳಿಸಿಕೊಂಡವರ ಬದುಕಿನ ಬಾಗಿಲನ್ನು ಹೇಗೆ ಹಾಕಿಬಿಡುತ್ತದೆ ಎಂದು ಬರೆದಿದ್ದೇನೆ. ನಿಮಗೆ ಹಿಡಿಸುವುದಿಲ್ಲ. ಬದಲಿಸುವ ಮನಸ್ಸು ನನಗೂ ಇಲ್ಲ. ನಿಜ ಹೇಳಬೇಕೆಂದರೆ ಈ ಒಂದು ಅಧ್ಯಾಯಕ್ಕಾಗಿಯೇ ನಾನು ಪುಸ್ತಕ ಒಪ್ಪಿಕೊಂಡದ್ದು.

ಇತಿ,
ಸಂದರ್ಶಕಿ

ಮಾರ್ಚ್ ೨೫

ಮಾನ್ಯರೇ,

ತಿಂಗಳಾಯಿತು, ನಿಮ್ಮಿಂದ ಸುದ್ದಿಯಿಲ್ಲ. ಕೋಪ ಬಂದಿದ್ದರೆ ಕೋಪವನ್ನೇ ಬರೆದು ಕಳಿಸಿ, ಅದನ್ನೂ ಹಾಕುತ್ತೇನೆ. ಮೇ ಮಧ್ಯದೊಳಗೆ ಎಲ್ಲ ಕೈಸೇರಬೇಕು, ಇಲ್ಲದಿದ್ದರೆ ಇದ್ದ ಹಾಗೆಯೇ ಅಚ್ಚಿಗೆ ಹೋಗುತ್ತದೆ ಎಂದು ಪ್ರಕಾಶಕರು ಹೇಳುತ್ತಿದ್ದಾರೆ. ಸುಮ್ಮನಿದ್ದುಬಿಟ್ಟರೆ ನಾನು ಬರೆದದ್ದು ಸರಿ ಎಂದೇ ತಿಳಿದುಕೊಳ್ಳುತ್ತೇನೆ.

ಇತಿ,
ಸಂದರ್ಶಕಿ

ಏಪ್ರಿಲ್ ೧೧

ಮಗೂ,

ಇನ್ನು ನೀವು ತಾವು ಬಿಡುತ್ತೇನೆ. ನನ್ನ ಮೇಲೆ ಅಷ್ಟು ಚೆನ್ನಾಗಿ ಸಿಟ್ಟು ಮಾಡಿಕೊಳ್ಳುವವಳು ಮನೆಯ ಹುಡುಗಿಯೇ ಆಗಿರಬೇಕು.

ನಾನು ಕೋಪ ಬಂದು ಸುಮ್ಮನಿದ್ದೇನೆ ಎಂದು ನೀನು ಅಂದುಕೊಂಡೆ. ಕಣ್ಣಿನ ಆಪರೇಷನ್ ಆಗಿತ್ತು, ಬಟ್ಟೆ ಕಟ್ಟಿ ಮಲಗಿಸಿದ್ದರು. ಕಿವಿ ಮೊದಲೇ ಇಲ್ಲ, ಮೇಲೆ ಕಣ್ಣೂ ಇಲ್ಲ. ನಿನ್ನ ಎರಡು ಪತ್ರಗಳು ದಿಂಬಿನ ಪಕ್ಕದಲ್ಲಿ ಒಡೆಯದೆ ಬಿದ್ದಿದ್ದವು. ಸೊಸೆ ಓದಿ ಹೇಳುತ್ತೇನೆ ಎಂದಳು. ಅವಳು ಓದಿದರೆ ನನಗೆ ಕೇಳಬೇಕಲ್ಲ. ಮೊನ್ನೆ ಬಟ್ಟೆ ಬಿಚ್ಚಿದರು, ನಿನ್ನ ಕೈಬರಹವನ್ನು ನೋಡಿ ಆಪರೇಷನ್ ಕೆಟ್ಟಿತೋ ಏನೋ ಎಂದು ಗಾಬರಿಯಾಯಿತು.

ಕರಡು ವಾಪಸು ಬರುತ್ತಿದೆ. ಮೇಲೆ ಏನು ಬರೆದಿದ್ದೇನೆ ಎಂದು ನಿನಗೆ ಗೊತ್ತು. ಇನ್ನೊಂದು. ಭಾಷೆ ಚೆನ್ನಾಗಿದೆ, ಪದದ ಅರ್ಥ ತಪ್ಪಿದೆ.

ನನ್ನ ತಂದೆ ಹಾಸ್ಟೆಲ್ ಒಂದರಲ್ಲಿ ಅಡುಗೆಯವರಾಗಿದ್ದರು. ಕೂತವರು ತಟ್ಟೆಗೆ ಕೈ ಅಡ್ಡ ಹಿಡಿದು 'ಸಾಕು' ಎನ್ನುವ ತನಕ ಅವರು ಸೌಟು ಕೆಳಗಿಡುತ್ತಿರಲಿಲ್ಲ. ಮನೆಗೆ ಬಂದು ಅಮ್ಮನ ಹತ್ತಿರ, "ಇವತ್ತು ಎಲ್ರೂ ಸಾಕು ಅಂದ್ರು ಕಣೇ" ಎಂದು ಹೇಳಿ ಕಾಲು ಚಾಚಿ ಕೂರುತ್ತಿದ್ದರು. ಯಾರಾದರೂ ಅಡುಗೆ ಚೆನ್ನಾಗಿದೆ ಎಂದರೆ ಅವರಿಗೆ ನಂಬಿಕೆ ಇರಲಿಲ್ಲ. "ಚೆನ್ನಾಗಿದೆ ಅನ್ನೋದು ಬಾಯಿ ಆಡೋ ಮಾತು. ಸಾಕು ಅನ್ನೋದು ಹೊಟ್ಟೆ ಆಡೋ ಮಾತು" ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಪದ ಇರಲಿಲ್ಲ. ನಿರ್ದೇಶಕನಾದ ಮೇಲೆ ನಾನೂ ಅದನ್ನೇ ಇಟ್ಟುಕೊಂಡೆ. ಮನಸ್ಸು ತುಂಬಿದ ಶಾಟ್‌ಗೆ ಮಾತ್ರ 'ಸಾಕು'. ಇಡೀ ಚಿತ್ರಕ್ಕೆ ಮೂರೋ ನಾಲ್ಕೋ ಬರುತ್ತಿದ್ದವು, ಬಂದ ದಿನ ನೆರಳಪ್ಪ ಎಲ್ಲರಿಗೂ ಕಾಫಿ ಹೇಳುತ್ತಿದ್ದ. ದೀಪ ಹಿಡಿಯುವವರಿಂದ ಹಿಡಿದು ಎಲ್ಲರಿಗೂ ಇದು ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು ಎಂದೇ ನಾನು ತಿಳಿದುಕೊಂಡಿದ್ದೆ. ಟೈಪಿಸ್ಟಮ್ಮ ಹೊಸಬಳು, ಅವಳಿಗೆ ಯಾರಾದರೂ ಹೇಳಿರುತ್ತಾರೆ ಎಂದು ಎಲ್ಲರೂ ಅಂದುಕೊಂಡರು. ಯಾರೂ ಹೇಳಿರಲಿಲ್ಲ ಎನ್ನುವುದು ನನಗೆ ಗೊತ್ತಾದದ್ದು ಮೊನ್ನೆ ನಿನ್ನ ಕರಡು ಓದಿದಾಗ. ಇನ್ನೊಂದು ಇನ್ನೊಂದು ಎನ್ನುತ್ತಿದ್ದವನು ಸಾಕು ಎಂದುಬಿಟ್ಟ. ಅವಳ ಕಡೆ ನಿಂತು ಕೇಳಿಸಿಕೊಂಡರೆ ಅದು ಹಾಗೇ ಕೇಳುತ್ತದೆ. ಸಿನಿಮಾದ ಭಾಷೆ, ಸಿನಿಮಾದ ಭಾಷೆ ಎಂದು ಭಾಷಣ ಮಾಡಿಕೊಂಡೇ ವಯಸ್ಸು ಕಳೆದೆ, ಎರಡು ಅಕ್ಷರದ ಕನ್ನಡ ಎದುರಿನವಳಿಗೆ ತಿಳಿಯಿತೇ ಎಂದು ನೋಡಲಿಲ್ಲ.

ಸಾಕು ಎಂದ ಕೂಡಲೇ ಬೆನ್ನು ತಿರುಗಿಸಿ ಹೋಗುವುದೂ ನನ್ನ ಅಭ್ಯಾಸ. ಖುಷಿಯಲ್ಲಿ ಹಿಗ್ಗಿದ ನನ್ನ ಮುಖವನ್ನು ಯೂನಿಟ್‌ನವರು ನೋಡಬಾರದು.

ಅವಳು ಬಾರದಿದ್ದಾಗ ನಮ್ಮ ಮ್ಯಾನೇಜರನ್ನು ಮನೆಗೆ ಕಳಿಸಿದೆ. ಎರಡು ಸಲ ಕಳಿಸಿದೆ. ಅವಳ ಅಣ್ಣ ಬಾಗಿಲಲ್ಲೇ ನಿಂತು, "ಅವಳು ಬರಲ್ಲ, ನೀವೂ ಬರ್ಬೇಡಿ" ಎಂದನಂತೆ. ಸಿನಿಮಾದವರೆಂದರೆ ಆಗದ ಮನೆ ಇರಬೇಕು ಎಂದುಕೊಂಡು ಸುಮ್ಮನಾದೆ.

ಈಗ ಏಳನೆಯ ಪ್ರಶ್ನೆ. ಕಂಡಿತ್ತು. ಆ ಶಾಟ್‌ನಲ್ಲಿ ಕಾಲು ಕಾಣುವುದಿಲ್ಲ, ಸೊಂಟದಿಂದ ಮೇಲಕ್ಕೆ ಮಾತ್ರ ಇದೆ. ಅದನ್ನು ಪರದೆಯ ಮೇಲೆ ನೂರು ಸಲ ನೋಡಿದವರಿಗೂ ಚಪ್ಪಲಿಯ ಸಂಗತಿ ತಿಳಿಯುವುದಿಲ್ಲ. ಹಾಗಾಗಿ ಪ್ರಶ್ನೆ ಯಾರದ್ದೆಂದು ಓದಿದ ಕೂಡಲೇ ತಿಳಿಯಿತು. ಒಂದು ಹೆಜ್ಜೆ ಇರುವಾಗ ಎಡಭುಜ ಸ್ವಲ್ಪ ಕುಸಿಯಿತು, ಬಾರು ಹೋಯಿತು ಎಂದು ಗೊತ್ತಾಯಿತು. ಎಂಥ ನಟಿಯಾದರೂ ಅಂಥ ಹೊತ್ತಿನಲ್ಲಿ ಕೆಳಗೆ ನೋಡುತ್ತಾಳೆ. ಅವಳು ನೋಡಲಿಲ್ಲ. ನಿಂತಳು, ಬಾಗಿಲನ್ನೇ ನೋಡಿದಳು. ನಾನು ಸಾಕು ಅಂದದ್ದು ನಡಿಗೆಗಲ್ಲ, ನಿಂತದ್ದಕ್ಕೂ ಅಲ್ಲ. ಕೆಳಗೆ ನೋಡದೆ ಇದ್ದದ್ದಕ್ಕೆ.

ಈ ಉತ್ತರಗಳನ್ನೂ ಪುಸ್ತಕಕ್ಕೆ ಟೈಪ್ ಮಾಡಿಸಬೇಕಲ್ಲ. ಯಾವತ್ತಿನ ಹಾಗೆ ಅವರ ಕೈಗೇ ಕೊಡು. ನೀನು ಓದಿ ಹೇಳಬೇಡ.

ಇತಿ,
ನಿರ್ದೇಶಕ

ಏಪ್ರಿಲ್ ೨೨

ಸಾರ್,

ನೀವು ಹೇಳಿದ ಹಾಗೇ ಮಾಡಿದೆ. ನಿಮ್ಮ ಹಾಳೆಗಳನ್ನು ಯಂತ್ರದ ಪಕ್ಕ ಇಟ್ಟು, ಮಾರುಕಟ್ಟೆಗೆ ಹೋಗಿಬರುತ್ತೇನೆ ಎಂದು ಹೊರಟು, ಮೆಟ್ಟಿಲ ಮೇಲೆ ಕೂತೆ.

ಅತ್ತೆಯ ಟೈಪು ನಿಲ್ಲುವುದಿಲ್ಲ. ಸಾಲಿನ ಕೊನೆಗೆ ಗಂಟೆ ಹೊಡೆಯುತ್ತದೆ, ಮತ್ತೆ ಶುರುವಾಗುತ್ತದೆ. ಕಣ್ಣಾಪರೇಷನ್, ಹಾಸ್ಟೆಲ್, ಸೌಟು, ಎಲ್ಲ ಒಂದೇ ವೇಗದಲ್ಲಿ ಹೋಯಿತು. ಆಮೇಲೆ ನಿಂತಿತು. ಎಷ್ಟು ಹೊತ್ತು ನಿಂತಿತೆಂದರೆ ಎದುರುಮನೆಯವರು ಕಿಟಕಿಯಿಂದ ಇಣುಕಿ, "ಏನು, ಮೆಷಿನ್ ಕೆಟ್ಟೋಯ್ತಾ?" ಎಂದು ಕೇಳಿದರು. ಮತ್ತೆ ಶುರುವಾದಾಗ ಒಂದೊಂದೇ ಅಕ್ಷರ ಬೀಳುತ್ತಿತ್ತು.

ಒಳಗೆ ಹೋದೆ. ಹಾಳೆ ಪೂರ್ತಿಯಾಗಿತ್ತು. ಒಂದು ತಪ್ಪಿಲ್ಲ. ಅತ್ತೆ ಕನ್ನಡಕ ಒರೆಸುತ್ತಿದ್ದರು.

"ಪುಣ್ಯಾತ್ಮ, ಆವತ್ತೇ ಒಂದ್ ಮಾತು ಬಿಡಿಸಿ ಹೇಳಿದ್ರೆ ಇವ್ರ ಗಂಟು ಏನ್ ಹೋಗ್ತಿತ್ತು?" ಎಂದರು. ಕನ್ನಡಕ ಹಾಕಿಕೊಂಡು, "ಬಾರು ಕಿತ್ಹೋಗಿ ಶಾಟ್ ಹಾಳು ಮಾಡ್ದೆ, ಅದಕ್ಕೇ ಕಳಿಸಿಬಿಟ್ರು ಅಂದ್ಕೊಂಡಿದ್ದೆ ಕಣೇ" ಎಂದರು. ಇಷ್ಟು ವರ್ಷ ನನ್ನನ್ನು ಬೆಳೆಸಿದವರು ಇದೊಂದನ್ನು ನನಗೆ ಹೇಳಿರಲಿಲ್ಲ. ನಾನು ನಿಮ್ಮ ಮೇಲೆ ಹಲ್ಲು ಕಡಿದುಕೊಂಡೇ ಬೆಳೆದೆ, ಅವರು ಮನಸ್ಸಿನೊಳಗೆ ಬೈದುಕೊಳ್ಳುತ್ತಿದ್ದದ್ದು ಒಂದು ಚಪ್ಪಲಿಯನ್ನು.

ಕೆಳಗೆ ಯಾಕೆ ನೋಡಲಿಲ್ಲ ಎಂದು ಕೇಳಿದೆ. ನಗು ಬಂದುಬಿಟ್ಟಿತು ಅವರಿಗೆ. "ನೋಡಿದ್ರೆ ಮತ್ತೆ ಇನ್ನೊಂದು ಅಂತಾರಲ್ಲ. ಕಾಲು ಬಿದ್ದೋಗಿತ್ತು ನಡ್ದೂ ನಡ್ದೂ" ಎಂದರು. ನಿಮ್ಮ ವಿಮರ್ಶಕರಿಗೆ ಇದನ್ನು ಹೇಗೆ ಹೇಳುವುದೋ ನನಗೆ ತಿಳಿಯದು.

ಇನ್ನೊಂದು ಸಂಗತಿ. ನಿಮ್ಮ ಮ್ಯಾನೇಜರನ್ನು ಬಾಗಿಲಿಂದಲೇ ತಿರುಗಿಸಿ ಕಳಿಸಿದ ಅಣ್ಣ ನನ್ನ ಅಪ್ಪ. ಕರೆಯಲು ಜನ ಬಂದಿದ್ದರು ಎನ್ನುವುದು ಅತ್ತೆಗೆ ನಿಮ್ಮ ಹಾಳೆಯನ್ನು ಟೈಪ್ ಮಾಡುವಾಗಲೇ ಗೊತ್ತಾದದ್ದು. ಯಂತ್ರ ನಿಂತದ್ದು ಅಲ್ಲಿಯೇ. "ಅತ್ಕೊಂಡು ಬಂದ ತಂಗೀನ ನೋಡಿ ಅಣ್ಣ ಆದೋನು ಇನ್ನೇನು ಹೇಳ್ತಾನೆ ಬಿಡು" ಎಂದರು. ಆಮೇಲೆ ತಟ್ಟೆ ತೊಳೆಯುವಾಗ, ನನಗಲ್ಲ, ನಲ್ಲಿಗೆ ಹೇಳುವ ಹಾಗೆ, "ಬಂದಿದ್ರು ಅಂತ ಒಂದ್ ಮಾತು ಹೇಳ್ಬಹುದಿತ್ತು" ಎಂದರು. ಅಪ್ಪನ ಮೇಲೆ ನನಗೆ ಸಿಟ್ಟು ಬಂತು. ಗೋಡೆಯ ಮೇಲಿನ ಫೋಟೋದ ಜೊತೆ ಜಗಳವಾಡಲು ಆಗುವುದಿಲ್ಲವಲ್ಲ. ಅಧ್ಯಾಯವನ್ನು ಮತ್ತೆ ಬರೆದಿದ್ದೇನೆ, ಅಪ್ಪನನ್ನೂ ಸೇರಿಸಿ. ಹೆಸರು ಮಾತ್ರ ಬದಲಿಸಿಲ್ಲ.

ಜೊತೆಗೆ ಇನ್ನೊಂದು ಹಾಳೆ ಇದೆ, ನನ್ನದಲ್ಲ. ಬಾಗಿಲಿನ ಶಾಟ್ ಆದ ಮಾರನೆಯ ದಿನ ತೆಗೆಯಬೇಕಿದ್ದ ದೃಶ್ಯದ ಮಾತುಗಳನ್ನು ಅತ್ತೆ ಆಗಲೇ ಬಾಯಿಪಾಠ ಮಾಡಿಕೊಂಡಿದ್ದರಂತೆ. ನಿನ್ನೆ ಅಡುಗೆಮನೆಯಲ್ಲಿ ಪಾತ್ರೆ ಒರೆಸುವ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ನಿಂತು ಹೇಳಿದರು. ಅಣ್ಣನ ಮಾತನ್ನು ನನ್ನಿಂದ ಹೇಳಿಸಿದರು. "ಏನು, ಇಷ್ಟು ಬೇಗ ಬಂದ್ಬಿಟ್ಟೆ?" ಎಂದು ನಾನು ಕೇಳಬೇಕು. ಅವರು ನನ್ನನ್ನು ನೋಡಿ, "ಬೇಗ ಏನಲ್ಲ. ಹೊರಟು ಬಹಳ ದಿನ ಆಗಿತ್ತು. ಇವತ್ತು ಬಂದು ಮುಟ್ಟಿದೆ" ಎಂದರು.

ಅದನ್ನೇ ಟೈಪ್ ಮಾಡಿ ಕೊಟ್ಟಿದ್ದಾರೆ. "ಸರಿಯಾಗಿದ್ಯಾ ಅಂತ ಕೇಳು ಅವ್ರನ್ನ" ಎಂದರು.

ಇತಿ,
ಅವರ ಸಾಕುಮಗಳು

ಮೇ ೪

ಮಗೂ,

ಅಧ್ಯಾಯ ಓದಿದೆ. ನಿನ್ನ ಅಪ್ಪನ ಭಾಗದಲ್ಲಿ ಅವನನ್ನು ಬೈದೂ ಇಲ್ಲ, ಬಿಟ್ಟೂ ಇಲ್ಲ. ನನ್ನ ವಿಷಯದಲ್ಲೂ ಅಷ್ಟೇ. ಮೊದಲ ಪುಟದ ಮೇಲೆ ಕೆಂಪು ಶಾಯಿ ಕಂಡು ಹೆದರಬೇಡ, ಈ ಸಲ ಬರೆದಿರುವುದು 'ಸಾಕು' ಎಂದು. ನೆರಳಪ್ಪ ಇದ್ದಿದ್ದರೆ ನಿನಗೆ ಕಾಫಿ ಹೇಳುತ್ತಿದ್ದ.

ಕೆಳಗೆ ನೋಡಿದರೆ ಮತ್ತೆ ಇನ್ನೊಂದು ಎನ್ನುತ್ತೇನೆ ಎಂದು ನೋಡಲಿಲ್ಲವಂತೆ. ಅದನ್ನು ಓದಿ ಒಬ್ಬನೇ ಕೂತು ನಕ್ಕೆ, ಸೊಸೆ ಬಂದು ಹಣೆ ಮುಟ್ಟಿ ನೋಡಿದಳು. ಪುಸ್ತಕದಲ್ಲಿ ಅದನ್ನು ಹಾಗೇ ಹಾಕು. ಅಷ್ಟೊಂದು ವೇದಿಕೆಗಳಲ್ಲಿ ಅಷ್ಟೊಂದು ಸುಳ್ಳು ಹೇಳಿದ್ದೇನೆ, ಒಂದು ಕಡೆಯಾದರೂ ಸರಿಹೋಗಲಿ.

ಆ ದೃಶ್ಯದ ಮಾತು ನನಗೆ ಮರೆತೇಹೋಗಿತ್ತು. ಬರೆದವನು ನಾನು, ಇಟ್ಟುಕೊಂಡವಳು ಅವಳು.

ಟೈಪಿಸ್ಟಮ್ಮನ ಹಾಳೆಯನ್ನು ನಿನಗೆ ಕಳಿಸುತ್ತಿಲ್ಲ. ಬೇರೆ ಲಕೋಟೆಯಲ್ಲಿ ಅವಳ ಹೆಸರಿಗೇ ಹಾಕಿದ್ದೇನೆ, ಒಡೆಯಬೇಡ. ಅದರ ಮೇಲೆ ನಾನು ಬರೆದಿರುವುದು 'ಇನ್ನೊಂದು' ಎಂದು. ಕಾಗದದ ಮೇಲೆ ಮುಖ ಕಾಣುವುದಿಲ್ಲ, ಮಾತು ಹೇಳಿದರೆ ನನಗೆ ಕೇಳುವುದಿಲ್ಲ, ಎದುರು ನಿಂತು ಹೇಳಿದರೆ ಮಾತ್ರ ಸರಿಯಾಗಿದೆಯೋ ಇಲ್ಲವೋ ನೋಡಬಹುದು. ಕಣ್ಣು ಈಗ ಚೆನ್ನಾಗಿದೆ.

ಮತ್ತೆ ತಪ್ಪಾಗಬಾರದು ಎಂದು ಈ ಸಲ ಪದದ ಕೆಳಗೆ ಅರ್ಥವನ್ನೂ ಬರೆದಿದ್ದೇನೆ. ಬನ್ನಿ ಅಂತ.

ಇತಿ,
ನಿರ್ದೇಶಕ